ಊರು ಬಿಟ್ಟವರ ಹೆಸರು



ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ಕುಳಿತವರು ದಾರಿಯಲ್ಲಿ ಚಾಂಪಿಯನ್ ಎಂಬ ಪುಟ್ಟ ನಿಲ್ದಾಣವನ್ನು ಕಾಣುತ್ತಾರೆ. ಕೋಲಾರದ ಚಿನ್ನದ ಗಣಿಗಳಲ್ಲಿ ಹೆಸರಾದ ಚಾಂಪಿಯನ್ ರೀಫ್ಸ್ ಇರುವುದು ಅಲ್ಲಿಯೇ. ರೀಫ್ ಎಂದರೆ ಗಣಿಗಾರರ ಮಾತಿನಲ್ಲಿ ಚಿನ್ನವನ್ನು ಒಳಗೊಂಡ ಬೆಣಚುಕಲ್ಲಿನ ಪಟ್ಟೆ. ಆ ಪಟ್ಟೆಯನ್ನು ಹಿಂಬಾಲಿಸುತ್ತ ಮನುಷ್ಯನು ಅಲ್ಲಿ ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದನು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಯ ಕೆಲಸ ನಿಂತುಹೋಯಿತು. ಈಗ ಉಳಿದಿರುವುದು ಸಯನೈಡ್ ಮಣ್ಣಿನ ದಿಬ್ಬಗಳು, ಸಾಲು ಸಾಲು ಕೂಲಿಮನೆಗಳು, ಮತ್ತು ಹೆಸರುಗಳು.

ಈ ದಿನ ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಹೆಸರುಗಳನ್ನು ಕುರಿತು. ಅದರಲ್ಲಿಯೂ ಮನೆತನದ ಹೆಸರು, ಅಂದರೆ ನಾವು ಅಡ್ಡಹೆಸರು ಎಂದೂ ನಮ್ಮ ತೆಲುಗು ನೆರೆಯವರು ಇಂಟಿಪೇರು ಎಂದೂ ಕರೆಯುವ ವಸ್ತುವನ್ನು ಕುರಿತು. ಅದು ಹೇಗೆ ಹುಟ್ಟುತ್ತದೆ, ಹೇಗೆ ಹರಡುತ್ತದೆ, ಎಷ್ಟು ಜನರಲ್ಲಿ ಉಳಿಯುತ್ತದೆ, ಏಕೆ ಅಳಿಯುತ್ತದೆ ಎಂಬುದನ್ನು ವಿಚಾರ ಮಾಡುವುದಕ್ಕೆ ಇಟಲಿ ದೇಶದ ವಿರಳವಾದ ಒಂದು ಅಡ್ಡಹೆಸರನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಆ ಹೆಸರು ಪೊಂಟೆಕೋರ್ವೊ. ಕೋಲಾರದ ಗಣಿಗೂ ಈ ಹೆಸರಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಸಂಬಂಧವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

1965ರಲ್ಲಿ ಚಾಂಪಿಯನ್ ರೀಫ್ಸ್‌ನ ಹೀತ್‌ಕೋಟ್ ಗಣಿಬಾವಿಯ ಕೆಳಗೆ, ಸುಮಾರು ಏಳೂವರೆ ಸಾವಿರ ಅಡಿ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯಗಳವರೂ ಕೂಡಿ ಉಪಕರಣಗಳನ್ನು ನಿಲ್ಲಿಸಿ, ವಾಯುಮಂಡಲದಲ್ಲಿ ಹುಟ್ಟಿ ಭೂಮಿಯನ್ನೇ ತೂರಿ ಬರುವ ನ್ಯೂಟ್ರಿನೋ ಎಂಬ ಕಣದ ಗುರುತನ್ನು ಕಂಡುಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿಯೂ ಅದು ಕಂಡಿತು. ನ್ಯೂಟ್ರಿನೋ ಎಂಬ ಮಾತು ಇಟಲಿಯ ಮಾತು. ಚ್ಯಾಡ್‌ವಿಕ್ಕನು 1932ರಲ್ಲಿ ನ್ಯೂಟ್ರಾನನ್ನು ಕಂಡುಹಿಡಿದ ಮೇಲೆ, ಪೌಲಿ ಎಂಬಾತನು ಊಹಿಸಿದ್ದ ಇನ್ನೂ ಸಣ್ಣ ಕಣವನ್ನು ಅದರಿಂದ ಬೇರೆಯಾಗಿ ಕರೆಯಬೇಕಾಯಿತು. ಇಟಲಿಯ ಭಾಷೆಯಲ್ಲಿ ‘ಓನೆ’ ಎಂಬ ಪ್ರತ್ಯಯ ದೊಡ್ಡದನ್ನು, ‘ಇನೋ’ ಎಂಬುದು ಚಿಕ್ಕದನ್ನು ಸೂಚಿಸುತ್ತದೆ. ರೋಮಿನಲ್ಲಿದ್ದ ಅಮಾಲ್ಡಿ ವಿನೋದಕ್ಕಾಗಿ ಆಡಿದ ಈ ಮಾತನ್ನು ಫೆರ್ಮಿ ಎತ್ತಿಕೊಂಡನು, ಲೋಕವೂ ಎತ್ತಿಕೊಂಡಿತು. ಫೆರ್ಮಿಯ ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯನಾಗಿದ್ದವನೇ ಬ್ರೂನೋ ಪೊಂಟೆಕೋರ್ವೊ. 1913ರಲ್ಲಿ ಪೀಸಾದ ಬಳಿ ಹುಟ್ಟಿ 1993ರಲ್ಲಿ ರಷ್ಯದ ದುಬ್ನಾದಲ್ಲಿ ತೀರಿಕೊಂಡ ಈತನು ನ್ಯೂಟ್ರಿನೋ ವಿಚಾರದಲ್ಲಿಯೇ ತನ್ನ ಆಯುಷ್ಯದ ಬಹುಭಾಗವನ್ನು ಕಳೆದನು. ಆ ಕಣವು ದಾರಿಯಲ್ಲಿ ಸಾಗುತ್ತಿರುವಾಗಲೇ ತನ್ನ ಜಾತಿಯನ್ನು ಬದಲಾಯಿಸಬಲ್ಲದೆಂಬ ಊಹೆಯ ಮೂಲ ಈತನದು. ವಾಯುಮಂಡಲದ ನ್ಯೂಟ್ರಿನೋಗಳಲ್ಲಿ ಅದು ನಿಜವೆಂಬುದನ್ನು 1998ರಲ್ಲಿ ಜಪಾನಿನ ಪ್ರಯೋಗವೊಂದು ತೋರಿಸಿಕೊಟ್ಟಿತು.

ಈಗ ಹೆಸರಿನ ವಿಚಾರಕ್ಕೆ ಬರೋಣ.

ಇಟಲಿಯ ಅಡ್ಡಹೆಸರುಗಳನ್ನು ವಿದ್ವಾಂಸರು ಸಾಮಾನ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಈ ಬಗೆಗಳಿಗೆ ಉದಾಹರಣೆಗಳನ್ನು ಹುಡುಕಿಕೊಂಡು ನಾವು ಇಟಲಿಗೆ ಹೋಗಬೇಕಾಗಿಲ್ಲ; ಕನ್ನಡನಾಡಿಗೆ ಬಂದುಹೋದ ಇಟಲಿಯವರೇ ಸಾಕು. ಮೊದಲನೆಯದು ತಂದೆಯ ಅಥವಾ ಪೂರ್ವಿಕನ ಹೆಸರು. ರಕ್ಕಸತಂಗಡಿಯ ಯುದ್ಧವಾದ ಎರಡು ವರ್ಷಕ್ಕೆ, 1567ರಲ್ಲಿ, ಹಾಳಾಗಿದ್ದ ವಿಜಯನಗರವನ್ನು ನೋಡಿದ ಚೇಸರೆ ಫೆದೆರೀಚಿಯ ಅಡ್ಡಹೆಸರು ಫೆದೆರೀಕೋ ಎಂಬವನ ವಂಶದವರು ಎಂಬುದನ್ನು ಹೇಳುತ್ತದೆ. ಮಂಗಳೂರಿನಲ್ಲಿದ್ದು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಪ್ರಕಟಿಸಿದ ಪಾದ್ರಿ ಏಂಜೆಲೊ ಮಾಫೆಯಿಯದೂ ಇಂಥದೇ. ಮತ್ತಾಯ ಎಂಬ ಹೆಸರಿನ ಬಳಕೆಯ ರೂಪ ಅದರೊಳಗಿದೆ. ಎರಡನೆಯದು ಸ್ಥಳದ ಹೆಸರು. 1623ರಲ್ಲಿ ಇಕ್ಕೇರಿಗೆ ಬಂದ ಪಿಯೆತ್ರೊ ದೆಲ್ಲಾ ವಾಲ್ಲೆಯ ಹೆಸರಿಗೆ ‘ಕಣಿವೆಯವನು’ ಎಂದೇ ಅರ್ಥ. ಮೂರನೆಯದು ವೃತ್ತಿ ಅಥವಾ ಪದವಿಯಿಂದ ಬಂದದ್ದು. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರವನ್ನು ಕಂಡ ನಿಕೊಲೊ ಕೊಂಟಿಯ ಅಡ್ಡಹೆಸರಿನಲ್ಲಿ ಕೌಂಟ್ ಎಂಬ ಸಾಮಂತ ಪದವಿ ಅಡಗಿದೆ. ನಾಲ್ಕನೆಯದು ಮೈಬಣ್ಣ, ಕೂದಲು, ಸ್ವಭಾವಗಳಿಂದ ಬಂದ ಅನ್ವರ್ಥನಾಮ. ಇಟಲಿಯಲ್ಲಿ ಅತ್ಯಂತ ಹೆಚ್ಚು ಜನರಿಗಿರುವ ರೊಸ್ಸಿ ಎಂಬ ಹೆಸರು ‘ಕೆಂಚ’ ಎಂದು ನಾವು ಕರೆಯುವಂಥದೇ.

ಇವುಗಳ ಜೊತೆಗೆ ಕನಿಕರ ಹುಟ್ಟಿಸುವ ಐದನೆಯ ಬಗೆಯೊಂದುಂಟು. ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಶಿಶುಗಳಿಗೆ ನೇಪಲ್ಸ್ ಕಡೆ ಎಸ್ಪೊಸಿತೊ, ಅಂದರೆ ‘ಹೊರಗಿಟ್ಟದ್ದು’, ಎಂದು ಹೆಸರಿಡುತ್ತಿದ್ದರು. ಫ್ಲಾರೆನ್ಸಿನಲ್ಲಿ ಆ ಮಕ್ಕಳಿಗೆ ಇನ್ನೊಚೆಂತಿ, ‘ನಿರಪರಾಧಿಗಳು’, ಎಂದು ಹೆಸರಾಯಿತು. ಒಂದು ಊರಿನವರು ಕೂಸಿನ ಮೇಲೆ ನಡೆದ ಕೃತ್ಯವನ್ನು ಹೆಸರಾಗಿ ಕೊಟ್ಟರು. ಇನ್ನೊಂದು ಊರಿನವರು ಕೂಸಿನ ಗುಣವನ್ನು ಹೆಸರಾಗಿ ಕೊಟ್ಟರು. ಹೆಸರಿಡುವವರ ಮನಸ್ಸು ಹೆಸರಿನಲ್ಲಿ ಉಳಿದುಬಿಡುತ್ತದೆ.

ಬಾಯಿಮಾತಿನಲ್ಲಿದ್ದ ಈ ಹೆಸರುಗಳು ವಂಶಪಾರಂಪರ್ಯವಾಗಿ ಗಟ್ಟಿಯಾದದ್ದು ಬರವಣಿಗೆಯಿಂದ. ಟ್ರೆಂಟ್ ನಗರದಲ್ಲಿ ಸೇರಿದ್ದ ಕ್ರೈಸ್ತ ಧರ್ಮಸಭೆಯು 1563ರಲ್ಲಿ, ಪ್ರತಿ ಪಾದ್ರಿಯೂ ತನ್ನ ಊರಿನ ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದೆಂದು ವಿಧಿಸಿತು. ತಂದೆಯ ಹೆಸರಿನ ಪಕ್ಕದಲ್ಲಿ ಮಗನ ಹೆಸರನ್ನು ಬರೆಯುತ್ತ ಬರೆಯುತ್ತ ಅಡ್ಡಹೆಸರು ಕದಲದೆ ನಿಂತಿತು.

ಪೊಂಟೆಕೋರ್ವೊ ಎಂಬುದು ಸ್ಥಳದಿಂದ ಬಂದ ಹೆಸರು. ರೋಮಿಗೂ ನೇಪಲ್ಸಿಗೂ ನಡುವೆ ಲೀರಿ ಎಂಬ ಹೊಳೆಯ ದಡದಲ್ಲಿ ಆ ಹೆಸರಿನ ಒಂದು ಸಣ್ಣ ಪಟ್ಟಣವಿದೆ. ‘ಬಾಗಿದ ಸೇತುವೆ’ ಎಂದು ಅದರ ಅರ್ಥ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪೊಂಟೆಕೋರ್ವೊ ಪಟ್ಟಣದಲ್ಲಿಯೇ ನೆಲೆಸಿರುವವನನ್ನು ಅಲ್ಲಿಯ ಜನ ಪೊಂಟೆಕೋರ್ವೊದವನೆಂದು ಕರೆಯುವುದಿಲ್ಲ. ಕರೆದರೆ ಯಾರೆಂದು ತಿಳಿಯುವುದು? ಅಲ್ಲಿ ಎಲ್ಲರೂ ಆ ಊರಿನವರೇ. ಊರನ್ನು ಬಿಟ್ಟು ಬೇರೆಡೆಗೆ ಹೋದವನಿಗೆ ಮಾತ್ರ ಊರಿನ ಹೆಸರು ಅಂಟಿಕೊಳ್ಳುತ್ತದೆ. ಆದಕಾರಣ ಊರಹೆಸರನ್ನು ಹೊತ್ತ ಪ್ರತಿಯೊಂದು ಮನೆತನವೂ ಎಂದೋ ಒಮ್ಮೆ ಊರು ಬಿಟ್ಟ ಮನೆತನವೆಂದು ತಿಳಿಯಬಹುದು.

ನಮ್ಮಲ್ಲಿಯೂ ಹೀಗೆಯೇ. ಅವಿಭಜಿತ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೊದಲಕ್ಷರ ಮೋಕ್ಷಗುಂಡಂ ಎಂಬ ಊರು. ಅದಿರುವುದು ಇಂದಿನ ಆಂಧ್ರಪ್ರದೇಶದಲ್ಲಿ. ಅವರ ಪೂರ್ವಿಕರು ಅಲ್ಲಿಂದ ಹೊರಟುಬಂದರು; ಊರು ಹಿಂದೆ ಉಳಿಯಿತು, ಹೆಸರು ಜೊತೆಯಲ್ಲಿ ಬಂದಿತು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರ ಮೊದಲಕ್ಷರ ಮುಳಬಾಗಿಲಲ್ಲ, ದೇವನಹಳ್ಳಿ. ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ನಾನಾ ಊರುಗಳಲ್ಲಿ ಅಧಿಕಾರಿಗಳಾಗಿದ್ದರೂ ಮಾಲೂರಿನ ಕಡೆಯ ಮಾಸ್ತಿ ಅವರನ್ನು ಬಿಡಲಿಲ್ಲ. ಅಷ್ಟೇ ಏಕೆ, ಗಣಿಗೆ ಬಂದಿದ್ದ ಕಾರ್ನ್‌ವಾಲಿನವರ ಹೆಸರುಗಳಲ್ಲಿ ಪದೇ ಪದೇ ಕೇಳುವ ‘ಟ್ರೆ’ ಎಂಬ ಮೊದಲ ಭಾಗಕ್ಕೆ ಅವರ ಹಳೆಯ ಭಾಷೆಯಲ್ಲಿ ಹೊಲಮನೆ, ಹಳ್ಳಿ ಎಂದು ಅರ್ಥ. ಹಳ್ಳಿಯನ್ನು ಹೆಸರಿನಲ್ಲಿ ಕಟ್ಟಿಕೊಂಡು ಅವರು ಮಾರಿಕುಪ್ಪದವರೆಗೆ ಬಂದಿದ್ದರು.

ಪೊಂಟೆಕೋರ್ವೊದಿಂದ ಹೊರಟವರು ಯಾರು? ಅವರು ಯೆಹೂದ್ಯರು. ಮಧ್ಯ ಇಟಲಿಯ ಸಣ್ಣ ಪಟ್ಟಣಗಳಲ್ಲಿ ಯೆಹೂದ್ಯ ಕುಟುಂಬಗಳು ಬಹುಕಾಲದಿಂದ ನೆಲೆಸಿದ್ದವು. 1569ರಲ್ಲಿ ಐದನೆಯ ಪಯಸ್ ಎಂಬ ಪೋಪನು ತನ್ನ ರಾಜ್ಯದಲ್ಲಿ ರೋಮ್, ಆಂಕೋನ ಎಂಬ ಎರಡು ನಗರಗಳನ್ನು ಬಿಟ್ಟು ಬೇರೆಲ್ಲಿಯೂ ಯೆಹೂದ್ಯರು ಇರಕೂಡದೆಂದು ಆಜ್ಞೆ ಹೊರಡಿಸಿದನು. ರೋಮಿನಲ್ಲಿ ಅವರಿಗಾಗಿ 1555ರಲ್ಲಿಯೇ ಗೋಡೆ ಕಟ್ಟಿದ ಕೇರಿ ಸಿದ್ಧವಾಗಿತ್ತು. ಸುತ್ತಲ ಊರುಗಳ ಯೆಹೂದ್ಯರು ಆ ಇಕ್ಕಟ್ಟಿನ ಕೇರಿಯನ್ನು ಸೇರಿದಾಗ ಊರಿನ ಹೆಸರುಗಳೇ ಮನೆತನದ ಹೆಸರುಗಳಾಗಿ ನಿಂತವು. ಸೆಞಿ ಪಟ್ಟಣದವರು ದಿ ಸೆಞಿ, ಪಿಪೆರ್ನೊದವರು ಪಿಪೆರ್ನೊ, ತೆರ್ರಚೀನದವರು ತೆರ್ರಚೀನ, ಸೆರ್ಮೊನೇತದವರು ಸೆರ್ಮೊನೇತ. ಪೊಂಟೆಕೋರ್ವೊ ಈ ಸಾಲಿಗೆ ಸೇರಿದ್ದು. ನಕ್ಷೆಯನ್ನು ಮುಂದಿಟ್ಟುಕೊಂಡು ಈ ಹೆಸರುಗಳನ್ನು ಓದಿದರೆ, ಒಂದು ಜನಾಂಗ ಎಲ್ಲೆಲ್ಲಿಂದ ಎದ್ದುಹೋಯಿತೆಂಬ ಪಟ್ಟಿ ತಾನಾಗಿಯೇ ಮೂಡುತ್ತದೆ.

ಇನ್ನು ಅಂಕಿಸಂಖ್ಯೆಗಳು. ಒಂದು ಹೆಸರು ವಿರಳವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಇಟಲಿಯಲ್ಲಿ ದೇಶವು ಒಂದಾದ 1861ರಲ್ಲಿಯೇ ಮೊದಲ ಖಾನೇಷುಮಾರಿ ನಡೆಯಿತು. ಆದರೆ ಖಾನೇಷುಮಾರಿಯ ಕೋಷ್ಟಕಗಳು ಜನರನ್ನು ವಯಸ್ಸಿನಿಂದ, ಕಸುಬಿನಿಂದ, ಊರಿನಿಂದ ಎಣಿಸುತ್ತವೆಯೇ ಹೊರತು ಹೆಸರಿನಿಂದ ಎಣಿಸುವುದಿಲ್ಲ. ಎಮಿದಿಯೊ ದೆ ಫೆಲೀಚೆ ಎಂಬ ಭಾಷಾಶಾಸ್ತ್ರಜ್ಞನು ಇದಕ್ಕೆ ಒಂದು ಉಪಾಯವನ್ನು ಹೂಡಿದನು. ಪ್ರತಿಯೊಂದು ಪ್ರಾಂತದ ಟೆಲಿಫೋನ್ ಚಂದಾದಾರರ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು ಹೆಸರುಗಳನ್ನು ಎಣಿಸಿದನು. 1978ರಲ್ಲಿ ಆತನ ಅಡ್ಡಹೆಸರುಗಳ ನಿಘಂಟು ಹೊರಬಂದಿತು. ಇಟಲಿಯಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಅಡ್ಡಹೆಸರುಗಳಿವೆಯೆಂದು ಲೆಕ್ಕ ಹೇಳುತ್ತಾರೆ. ಅಲ್ಲಿಯ ಜನಸಂಖ್ಯೆ ಸುಮಾರು ಆರು ಕೋಟಿ. ಸರಾಸರಿ ಹಂಚಿದರೆ ಒಂದು ಹೆಸರಿಗೆ ಇನ್ನೂರು ಜನ. ಆದರೆ ಸರಾಸರಿ ಇಲ್ಲಿ ಮೋಸಮಾಡುತ್ತದೆ. ರೊಸ್ಸಿಯಂಥ ಕೆಲವು ಹೆಸರುಗಳು ಜನರನ್ನು ಸಾವಿರಗಟ್ಟಲೆ ತಮ್ಮ ಕಡೆಗೆ ಸೆಳೆದುಕೊಂಡುಬಿಟ್ಟರೆ, ಉಳಿದ ಅಸಂಖ್ಯಾತ ಹೆಸರುಗಳಿಗೆ ಒಂದೊಂದು ಕಣಿವೆಯ ಹತ್ತಿಪ್ಪತ್ತು ಮನೆಗಳು ಮಾತ್ರ ದೊರೆಯುತ್ತವೆ. ಹೀಗಾಗಿ ವಿರಳವಾಗಿರುವುದೇ ಹೆಸರುಗಳ ಸಾಮಾನ್ಯ ಸ್ಥಿತಿ.

ಟೆಲಿಫೋನ್ ಪುಸ್ತಕದ ಲೆಕ್ಕದಲ್ಲಿ ಒಂದು ದೋಷವೂ ಉಂಟು. ಅದರಲ್ಲಿ ಎಣಿಕೆಗೆ ಬರುವುದು ಜನರಲ್ಲ, ಚಂದಾ ಕಟ್ಟಿದ ಮನೆಗಳು. ಟೆಲಿಫೋನ್ ಇಲ್ಲದ ಬಡವನೂ, ಗಂಡನ ಹೆಸರಿನಲ್ಲಿ ಟೆಲಿಫೋನ್ ಇರುವ ಹೆಂಡತಿಯೂ ಅದರಲ್ಲಿ ಕಾಣಿಸುವುದಿಲ್ಲ. ಯಾವ ಎಣಿಕೆಯನ್ನು ಕಂಡರೂ ಇದರಲ್ಲಿ ಬಿಟ್ಟುಹೋದವರು ಯಾರೆಂದು ಕೇಳುವುದು ಒಳ್ಳೆಯ ಅಭ್ಯಾಸ.

ಹೆಸರುಗಳು ಏಕೆ ಅಳಿಯುತ್ತವೆ? 1873ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬಾತನು ಈ ಪ್ರಶ್ನೆಯನ್ನು ಒಂದು ಪತ್ರಿಕೆಯಲ್ಲಿ ಗಣಿತಜ್ಞರ ಮುಂದಿಟ್ಟನು. ವಾಟ್ಸನ್ ಎಂಬ ಪಾದ್ರಿ ಅದಕ್ಕೆ ಉತ್ತರಿಸಲೆತ್ನಿಸಿದನು. ಲೆಕ್ಕವನ್ನು ಸರಳವಾಗಿ ಹೇಳುತ್ತೇನೆ. ಒಂದೊಂದು ಬೇರೆ ಬೇರೆ ಹೆಸರುಳ್ಳ ಸಾವಿರ ಗಂಡಸರಿದ್ದಾರೆಂದು ಭಾವಿಸಿ. ಇವರಲ್ಲಿ ನಾಲ್ಕರಲ್ಲೊಂದು ಪಾಲು ಜನಕ್ಕೆ ಗಂಡುಮಕ್ಕಳಿಲ್ಲ, ಅರ್ಧ ಜನಕ್ಕೆ ಒಬ್ಬೊಬ್ಬ ಮಗ, ಉಳಿದ ನಾಲ್ಕರಲ್ಲೊಂದು ಪಾಲಿಗೆ ಇಬ್ಬಿಬ್ಬರು ಎಂದಿಟ್ಟುಕೊಳ್ಳಿ. ಸರಾಸರಿ ಒಬ್ಬನಿಗೆ ಒಬ್ಬನೇ ಮಗ. ಜನಸಂಖ್ಯೆ ಹೆಚ್ಚುವುದೂ ಇಲ್ಲ, ಕಡಮೆಯಾಗುವುದೂ ಇಲ್ಲ. ಹೀಗಿದ್ದರೂ ಮೊದಲ ತಲೆಮಾರಿಗೆ ಸಾವಿರದಲ್ಲಿ 250 ಹೆಸರುಗಳು ಅಳಿಯುತ್ತವೆ. ಅದೇ ಪ್ರಮಾಣ ಮುಂದುವರಿದರೆ ಎರಡನೆಯ ತಲೆಮಾರಿಗೆ ಸುಮಾರು 390, ಮೂರನೆಯದಕ್ಕೆ 483, ಐದನೆಯದಕ್ಕೆ 600 ಹೆಸರುಗಳು ಅಳಿದಿರುತ್ತವೆ. ಕಾಲ ಸಾಕಷ್ಟು ಉದ್ದವಾದರೆ ಕೊನೆಗೆ ಒಂದೂ ಉಳಿಯದು. ಸರಾಸರಿ ಗಂಡುಮಕ್ಕಳ ಸಂಖ್ಯೆ ಒಂದನ್ನು ಮೀರಿದರೆ ಮಾತ್ರ ಉಳಿಯುವ ಸಂಭವವುಂಟು. ಹೆಸರುಗಳು ಬಹು ಪ್ರಾಚೀನವಾಗಿರುವ ಚೀನ, ಕೊರಿಯ ದೇಶಗಳಲ್ಲಿ ಅವು ಎಣಿಕೆಗೆ ಕಡಮೆಯಾಗಿರುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ಕೊರಿಯದಲ್ಲಿ ಸುಮಾರು ಐವರಲ್ಲೊಬ್ಬರ ಹೆಸರು ಕಿಮ್. ಇದೇ ಗಣಿತವನ್ನು ಆಕಾಶದಿಂದ ಇಳಿಯುವ ವಿಶ್ವಕಿರಣಗಳ ಸುರಿಮಳೆಗೂ ಅನ್ವಯಿಸಿದ್ದಾರೆ. ಚಾಂಪಿಯನ್ ರೀಫ್ಸ್‌ನ ವಿಜ್ಞಾನಿಗಳು ಅಷ್ಟು ಆಳಕ್ಕೆ ಇಳಿದದ್ದು ಆ ಮಳೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ.

ಈ ಲೆಕ್ಕದಲ್ಲಿ ಹೆಣ್ಣುಮಕ್ಕಳು ಇಲ್ಲವೆಂಬುದನ್ನು ತಾವು ಗಮನಿಸಿರಬಹುದು. ಹೆಸರು ಅಳಿದರೆ ವಂಶ ಅಳಿದಂತಲ್ಲ. ಮಗಳ ಮಕ್ಕಳಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಇಟಲಿಯ ಸಂವಿಧಾನ ನ್ಯಾಯಾಲಯವು 2022ರಲ್ಲಿ, ಮಗುವಿಗೆ ತಾಯಿ ತಂದೆ ಇಬ್ಬರ ಅಡ್ಡಹೆಸರೂ ಬರತಕ್ಕದ್ದೆಂದೂ, ಅವರಿಬ್ಬರೂ ಒಪ್ಪಿದರೆ ಮಾತ್ರ ಒಂದೇ ಹೆಸರನ್ನು ಇಡಬಹುದೆಂದೂ ತೀರ್ಪು ಕೊಟ್ಟಿತು. ಗಾಲ್ಟನ್ನನ ಲೆಕ್ಕವನ್ನು ಅಲ್ಲಿ ಇನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಆದರೆ ಪೊಂಟೆಕೋರ್ವೊದಂಥ ಹೆಸರುಗಳ ವಿರಳತೆಯನ್ನು ಕೇವಲ ಗಣಿತದ ಮೇಲೆ ಹೊರಿಸುವುದು ನ್ಯಾಯವಲ್ಲ. 1938ರ ಆಗಸ್ಟಿನಲ್ಲಿ ಮುಸೊಲಿನಿಯ ಸರ್ಕಾರ ಇಟಲಿಯ ಯೆಹೂದ್ಯರನ್ನು ಪ್ರತ್ಯೇಕವಾಗಿ ಎಣಿಸಿತು. ಎಣಿಕೆಯ ಹಿಂದೆಯೇ ಕಾನೂನುಗಳು ಬಂದವು. ಶಾಲೆಗಳಿಂದ, ವಿಶ್ವವಿದ್ಯಾನಿಲಯಗಳಿಂದ, ಸರ್ಕಾರಿ ಉದ್ಯೋಗಗಳಿಂದ ಅವರನ್ನು ಹೊರಗೆ ಹಾಕಿದರು. ಪೊಂಟೆಕೋರ್ವೊ ಮನೆಯ ಮಕ್ಕಳು ದೇಶಾಂತರ ಚದುರಿದರು. ಬ್ರೂನೋ ಮೊದಲೇ ಪ್ಯಾರಿಸ್ಸಿಗೆ ಹೋಗಿದ್ದನು. 1940ರಲ್ಲಿ ಜರ್ಮನರು ಆ ನಗರವನ್ನು ಹೊಗುವ ಸಮಯಕ್ಕೆ ಸೈಕಲ್ಲಿನ ಮೇಲೆ ದಕ್ಷಿಣಕ್ಕೆ ಓಡಿದನು. ಅವನ ಅಣ್ಣ ಗ್ವೀದೊ ಬ್ರಿಟನ್ನಿನಲ್ಲಿ ವಂಶವಿಜ್ಞಾನಿಯಾದನು; ತಮ್ಮ ಜಿಲ್ಲೊ ಮುಂದೆ ಚಲನಚಿತ್ರ ನಿರ್ದೇಶಕನಾಗಿ ಹೆಸರು ಪಡೆದನು. ಇವರು ಉಳಿದವರು. 1943ರ ಅಕ್ಟೋಬರ್ 16ರಂದು ರೋಮಿನ ಆ ಹಳೆಯ ಕೇರಿಯಲ್ಲಿಯೂ ನಗರದ ಇತರ ಬೀದಿಗಳಲ್ಲಿಯೂ ಹಿಡಿದು ಆಷ್‌ವಿಟ್ಸ್‌ಗೆ ಸಾಗಿಸಿದ ಸಾವಿರಕ್ಕೂ ಮಿಕ್ಕ ಯೆಹೂದ್ಯರಲ್ಲಿ ಹಿಂದಿರುಗಿದವರು 16 ಮಂದಿ. ಕಾಗದದ ಮೇಲೆ ಒಂದು ಹೆಸರಿನ ಮುಂದೆ ಸಣ್ಣ ಅಂಕಿಯನ್ನು ಕಂಡಾಗ, ಅದು ಪಗಡೆಯ ದಾಳದಂತೆ ತಾನಾಗಿ ಬಿದ್ದ ಅಂಕಿಯೋ, ಯಾರಾದರೂ ಕೈಯಾರೆ ಇಳಿಸಿದ ಅಂಕಿಯೋ ಎಂಬುದನ್ನು ವಿಚಾರಿಸಬೇಕು.

ಎಣಿಕೆಗೆ ಜನ ಅಂಜುವುದು ಬರಿಯ ಮೌಢ್ಯವಲ್ಲವೆಂಬುದಕ್ಕೆ ಕೋಲಾರದ ಗಣಿಯಲ್ಲಿಯೂ ಒಂದು ದೃಷ್ಟಾಂತವಿದೆ. ಹೆಸರುಗಳ ಅಳಿವನ್ನು ಲೆಕ್ಕಹಾಕಿದ ಗಾಲ್ಟನ್ನನೇ 1892ರಲ್ಲಿ ಬೆರಳಚ್ಚುಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಹೆಸರು ಸುಳ್ಳಾಡಬಹುದು, ಬೆರಳು ಸುಳ್ಳಾಡದು ಎಂಬುದು ಅದರ ಸಾರ. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ಸಾವಿರಾರು ಕೂಲಿಗಾರರಿಗೆ ಅಡ್ಡಹೆಸರು ಎಂಬುದಿರಲಿಲ್ಲ. ತಂದೆಯ ಹೆಸರು, ತನ್ನ ಹೆಸರು, ಅಷ್ಟೇ. ಒಬ್ಬ ಮುನಿಸ್ವಾಮಿಯನ್ನು ಇನ್ನೊಬ್ಬ ಮುನಿಸ್ವಾಮಿಯಿಂದ ಬೇರ್ಪಡಿಸುವುದು ಕಚೇರಿಯವರಿಗೆ ಕಷ್ಟವಾಗಿದ್ದರೆ ಆಶ್ಚರ್ಯವಿಲ್ಲ. ಬೆರಳಚ್ಚು ತೆಗೆದು ನೋಂದಾಯಿಸುವ ಕ್ರಮವನ್ನು ತಂದಾಗ 1930ರಲ್ಲಿ ಕೂಲಿಗಾರರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಕಳ್ಳರ ಬೆರಳನ್ನು ಒತ್ತಿಸಿಕೊಳ್ಳುವಂತೆ ತಮ್ಮ ಬೆರಳನ್ನು ಒತ್ತಿಸಿಕೊಳ್ಳುವುದು ದುಡಿಯುವವನಿಗೆ ಅವಮಾನವಾಗಿ ತೋರಿದ್ದು ಸಹಜವೇ. ಕೇಳಿದರೆ ಹೆಸರು ಹೇಳುವವನಿಗೆ, ಹೆಸರು ಬೇಡ, ಹೆಬ್ಬೆರಳು ಕೊಡು ಎಂದಂತಾಯಿತು.

ಇಟಲಿಯಲ್ಲಿ ಊರುಗಳು ಮನುಷ್ಯರ ಹೆಸರಾದವು. ಗಣಿಯ ಸೀಮೆಯಲ್ಲಿ ಇದಕ್ಕೆ ವಿರುದ್ಧವಾಗಿ ಮನುಷ್ಯರ ಅಡ್ಡಹೆಸರುಗಳು ಊರುಗಳಾದವು. ಮೈಸೂರಿನ ಕಮಿಷನರ್ ಬೌರಿಂಗ್ ಸಾಹೇಬರಿಂದ ಬೌರಿಂಗ್‌ಪೇಟೆಯಾಯಿತು. ಜನ ಅದನ್ನು ಬಂಗಾರಪೇಟೆಯನ್ನಾಗಿ ಮಾಡಿಕೊಂಡರು. ರೆಸಿಡೆಂಟರಾಗಿದ್ದ ರಾಬರ್ಟ್‌ಸನ್ನರಿಂದ ರಾಬರ್ಟ್‌ಸನ್‌ಪೇಟೆ. ಗಣಿಯ ಲೈಸೆನ್ಸನ್ನು ಮೊದಲು ಪಡೆದ ಲಾವೆಲ್ ಬೆಂಗಳೂರಿನಲ್ಲಿ ಒಂದು ರಸ್ತೆಯಾದನು. ನ್ಯೂಟ್ರಿನೋ ಕಾಣಿಸಿಕೊಂಡ ಬಾವಿಗೂ ಹೀತ್‌ಕೋಟ್ ಎಂಬ ಇಂಗ್ಲಿಷ್ ಅಡ್ಡಹೆಸರೇ. ಆ ಬಾವಿಯನ್ನು ತೋಡಿದವರ ಹೆಸರಿನಲ್ಲಿ ಬಾವಿಯಿಲ್ಲ. ಅವರ ಹೆಸರುಗಳು ಹಾಜರಿ ಪುಸ್ತಕಗಳಲ್ಲಿದ್ದವು. ಹಾಜರಿ ಪುಸ್ತಕಕ್ಕೆ ಆಯುಷ್ಯ ಕಡಮೆ.

ಗಣಿ ಮುಚ್ಚಿದ ಮೇಲೆ ಅಲ್ಲಿಯ ಮಕ್ಕಳು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಕೆಲವರು ಹಿಂದಿರುಗುವುದೇ ಇಲ್ಲ. ಅವರನ್ನು ಹೊಸ ಊರಿನವರು ಏನೆಂದು ಕರೆಯುತ್ತಾರೆ? ಕೆ. ಜಿ. ಎಫ್.ನವರು ಎಂದು. ಪೊಂಟೆಕೋರ್ವೊದಿಂದ ರೋಮಿಗೆ ಹೋದವರಿಗೂ, ಮೋಕ್ಷಗುಂಡದಿಂದ ಮುದ್ದೇನಹಳ್ಳಿಗೆ ಬಂದವರಿಗೂ ಆದದ್ದೇ ಇವರಿಗೂ ಆಗುತ್ತಿದೆ. ಬಿಟ್ಟುಬಂದ ಊರು ಹೆಸರಿಗೆ ಸೇರಿಕೊಳ್ಳುತ್ತಿದೆ. ಆ ಹೆಸರು ಮುಂದೆ ನಾಲ್ಕು ತಲೆಮಾರು ಉಳಿಯುವುದೋ ಇಲ್ಲವೋ ಎಂಬುದನ್ನು ಲೆಕ್ಕದವರು ಹೇಳಲಿ. ನಮ್ಮ ಕೈಯಲ್ಲಿರುವ ಕೆಲಸ ಚಿಕ್ಕದು. ತಮ್ಮ ಹೆಸರಿನ ಮುಂದಿರುವ ಮೊದಲಕ್ಷರ ಯಾವ ಊರಿನದೆಂದು ತಾವು ಬಲ್ಲಿರಾ? ತಾತನ ತಂದೆಯ ಹೆಸರನ್ನು ಬಲ್ಲಿರಾ? ತಾತನ ತಾಯಿಯ ಹೆಸರನ್ನು? ಮನೆಯಲ್ಲಿ ಹಿರಿಯರು ಯಾರಾದರೂ ಇದ್ದರೆ ಈ ರಾತ್ರಿಯೇ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಅದರಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿರಿ ಎಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.